ಚಪ್ಪಲಿ ಕಾಯುವವನು ಸಮುದ್ರಕ್ಕೆ ಹೋದದ್ದು

ಫಜೀತಿಗಳು ಅಂಜುಬುರುಕರ ಮನೆ ಹುಡುಕಿಕೊಂಡೇ ಬರುತ್ತವೆ ಎಂಬುದು ನನ್ನ ಅನುಭವ. ಧೈರ್ಯವಂತರ ಬಾಗಿಲ ಮುಂದಿನಿಂದ ಸುಮ್ಮನೆ ಹಾದುಹೋಗುವ ಫಜೀತಿ, ನನ್ನನ್ನು ಕಂಡರೆ ಮಾತ್ರ ಒಳಗೆ ಬಂದು ಕೂತು ಚಹಾ ಕೇಳುತ್ತದೆ. ಕೊಣ್ಣೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರೂ ಬಿಡುವುದಿಲ್ಲ. ಇನ್ನು ಸಮುದ್ರ ಇರುವ ಊರಿಗೆ ಹೋಗಿ, ಹಗಲೆಲ್ಲ ಒಬ್ಬನೇ ತಿರುಗುವ ಹಣೆಬರಹ ಬಂದರೆ ಕೇಳಬೇಕೆ?

ಮೊದಲೇ ಹೇಳಿಬಿಡುತ್ತೇನೆ, ನನಗೆ ನೀರಿನ ಗಂಡಾಂತರ ಇದೆ. ನಾನು ಘೋಡಗೇರಿಯ ಅಜ್ಜಿಯ ಮನೆಯಲ್ಲಿ ತೊಟ್ಟಿಲಲ್ಲಿ ಮಲಗಿದ್ದಾಗ ಬಾಗಿಲಿಗೆ ಬಂದ ಶಕುನ ಹೇಳುವವನೊಬ್ಬ, ಮೊರದ ತುಂಬ ಜೋಳ ಹಾಕಿಸಿಕೊಂಡು, "ಈ ಕೂಸಿಗೆ ನೀರಿನ ಗಂಡಾಂತರ ಐತಿ, ಜ್ವಾಕಿ" ಎಂದು ಹೇಳಿಹೋದನಂತೆ. ಎಷ್ಟು ವಯಸ್ಸಿನವರೆಗೆ ಎಂದು ಕೇಳುವುದನ್ನು ಅವ್ವ ಮರೆತಳು. ಹಾಗಾಗಿ ಅದು ಇನ್ನೂ ಚಾಲ್ತಿಯಲ್ಲಿದೆ. ಘಟಪ್ರಭಾ ನಮ್ಮೂರ ಮಗ್ಗುಲಲ್ಲೇ ಹರಿದರೂ ನಾನು ಈಜು ಕಲಿಯಲಿಲ್ಲ. ಹಿಡಕಲ್ ಡ್ಯಾಮಿಗೆ ಹೋಗಲಿ, ಯಾವುದೇ ಹೊಳೆಯ ದಂಡೆಗೆ ಹೋಗಲಿ, ಮಂದಿಯೆಲ್ಲ ನೀರಿಗಿಳಿಯುತ್ತಾರೆ, ನಾನು ದಂಡೆಯ ಮೇಲೆ ಅವರ ಚಪ್ಪಲಿ ಕಾಯುತ್ತೇನೆ. ನಮ್ಮ ಬಳಗದಲ್ಲಿ ನನಗೆ ಸಿಕ್ಕ ಕಾಯಂ ನೌಕರಿ ಅದು.

ನನ್ನ ಹೆಂಡತಿ ಗೋಕಾಕದ ದವಾಖಾನೆಯಲ್ಲಿ ನರ್ಸ್. ಅವಳಿಗೆ ಅಂಜಿಕೆ ಎಂದರೆ ಏನೆಂದೇ ಗೊತ್ತಿಲ್ಲ. ಅವಳನ್ನು ಎಳೆಗೂಸುಗಳ ಆರೈಕೆಯ ತರಬೇತಿಗೆ ಮಂಗಳೂರಿಗೆ ಕಳಿಸಿದಾಗ ಅವ್ವ ನನ್ನ ಕಡೆ ತಿರುಗಿ, "ಅಷ್ಟು ದೂರ ಹೆಣಮಗಳನ್ನ ಒಬ್ಬಾಕೀನ ಹೆಂಗ ಕಳಸ್ತಿ? ನೀನೂ ಹೋಗು" ಎಂದಳು.

"ಅತ್ತೀ, ನಾ ಅಲ್ಲಿ ಕೂಸುಗಳನ್ನ ನೋಡ್ಲ್ಯೋ, ಇವರನ್ನ ನೋಡ್ಲ್ಯೋ?" ಎಂದು ಹೆಂಡತಿ ನಕ್ಕಳು. ಆಮೇಲೆ ನನ್ನೊಬ್ಬನಿಗೇ ಕೇಳುವಂತೆ, "ಬರ್ರಿ. ಆದ್ರ ಒಂದ ಮಾತು. ಕಡೀ ದಿನ ಸಂಜೀಕ ಇಬ್ಬರೂ ಕೈ ಹಿಡಕೊಂಡು ಸಮುದ್ರದಾಗ ಇಳೀಬೇಕು. ಮದವಿ ಆದಾಗಿಂದ ಎಲ್ಲಾ ಕಡೆ ನಾ ಒಬ್ಬಾಕೀನ ಇಳದೇನಿ" ಎಂದಳು. ಆಗಲಿ ಎಂದುಬಿಟ್ಟೆ. ಹೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಅವ್ವನಿಗೆ ಇದು ಹೇಗೋ ತಿಳಿಯಿತು. ಹೊರಡುವ ದಿನ ನನ್ನನ್ನು ಅಡಿಗೆಮನೆಗೆ ಕರೆದು ಒಂದು ಗಂಟು ಕೊಟ್ಟಳು. ರವಿಕೆ ಹೊಲಿಯುವ ಹಸಿರು ಕುಬಸದ ಖಣ, ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಬೇರು. "ಸಮುದ್ರ ಅಂದ್ರ ಎಲ್ಲಾ ಹೊಳಿಗೂ ತಾಯಿ. ಆ ಗಂಗವ್ವಗ ಉಡಿ ತುಂಬಿ ಬೇಡ್ಕೋ. ಆಕಿ ತೊಗೊಂಡ್ಲಂದ್ರ ನೀರಾಗ ಇಳಿ. ಒಲ್ಲೆ ಅಂದ್ಲಂದ್ರ ದಂಡೀ ಮ್ಯಾಲ ಕುಂಡ್ರು."

ಹೆಂಡತಿ ನಗುತ್ತಾಳೆಂದು ಗಂಟನ್ನು ನನ್ನ ಬ್ಯಾಗಿನ ತಳದಲ್ಲಿ ಬಚ್ಚಿಟ್ಟೆ.

ಕಂಡಕ್ಟರನ ಚಿಲ್ಲರೆ

ಹುಬ್ಬಳ್ಳಿಯಿಂದ ಹಗಲು ಬಸ್ಸು ಹಿಡಿದೆವು. ನಮ್ಮ ಕಡೆ ಬಸ್ಸು ಹೊಳೆ ದಾಟುವಾಗ ಕಿಟಕಿಯಿಂದ ಒಂದು ನಾಣ್ಯ ಹೊಳೆಗೆ ಹಾಕಿ ಕೈಮುಗಿಯುವ ರೂಢಿ. ನನ್ನಂಥ ಗಂಡಾಂತರದವನಿಗಂತೂ ಅದು ತಪ್ಪಿಸುವಂಥದ್ದೇ ಅಲ್ಲ. ಅವ್ವ ಅದಕ್ಕೆಂದೇ ಅಂಗಿಯ ಕಿಸೆಗೆ ಒಂದಿಷ್ಟು ನಾಣ್ಯ ಹಾಕಿದ್ದಳು. ನಮ್ಮಲ್ಲಿ ಒಂದು ಹೊಳೆ ದಾಟಿದರೆ ಇನ್ನೊಂದು ಬರುವುದರೊಳಗೆ ಒಂದು ನಿದ್ದೆ ಆಗುತ್ತದೆ. ಅಂಕೋಲೆ ದಾಟಿದ ಮೇಲೆ ತಿಳಿಯಿತು, ಕರಾವಳಿಯಲ್ಲಿ ಹಾಗಲ್ಲ. ಒಂದು ಹೊಳೆಗೆ ಮುಗಿದ ಕೈ ಇಳಿಸುವುದರೊಳಗೆ ಇನ್ನೊಂದು ಸೇತುವೆ. ಯಾವುದು ಹೊಳೆ, ಯಾವುದು ಹಿನ್ನೀರು, ಯಾವುದು ಬರೀ ಹಳ್ಳ ಎಂದು ತಿಳಿಯುವುದಿಲ್ಲ, ಬಿಡಲು ಧೈರ್ಯ ಇಲ್ಲ. ಹೊನ್ನಾವರ ಬರುವ ಮೊದಲೇ ಕಿಸೆ ಖಾಲಿಯಾಯಿತು.

ಕಂಡಕ್ಟರ್ ಧಾರವಾಡದ ಕಡೆಯವನು. ಹುಬ್ಬಳ್ಳಿಯಿಂದಲೂ ಚಿಲ್ಲರೆ ಇಲ್ಲವೆಂದು ಎಲ್ಲರ ಹತ್ತಿರ ಜಗಳಾಡುತ್ತ ಬಂದಿದ್ದ. ಅವನ ಮುಂದೆ ನೋಟು ಹಿಡಿದೆ.

"ಚಿಲ್ಲರ ಬೇಕಾಗಿತ್ರಿ."

"ಎಲ್ಲಿ ಚಿಲ್ಲರ್ರಿ? ನನಗ ಬೇಕಾಗೈತಿ."

"ಭಾಳ ಅರ್ಜೆಂಟ್ ಐತ್ರಿ ಅಣ್ಣಾ. ಜೀವದ ಪ್ರಶ್ನೆ."

ನನ್ನ ಮುಖ ನೋಡಿ ಅವನಿಗೆ ಏನನಿಸಿತೋ, ಚೀಲದ ಮೂಲೆ ತಡಕಾಡಿ ಒಂದು ಹಿಡಿ ಕೊಟ್ಟ. ಅಷ್ಟರಲ್ಲೇ ಸೇತುವೆ ಬಂತು. ಅವನ ಕಣ್ಣೆದುರಿಗೇ ಒಂದನ್ನು ಹೊರಗೆ ಎಸೆದು ಕೈಮುಗಿದೆ. ಅವನು ನನ್ನನ್ನು ನೋಡಿದ, ಕಿಟಕಿ ನೋಡಿದ, ತನ್ನ ಚೀಲ ನೋಡಿಕೊಂಡ.

"ಒಂದ ರೂಪಾಯಿ ಸಲುವಾಗಿ ನಾ ಇಡೀ ಬಸ್ಸಿನ ಕಡೆ ಬೈಸಿಕೊಳ್ಳಾಕತ್ತೇನಿ, ನೀವು ಹೊಳಿಗೆ ಒಗ್ಯಾಕತ್ತೀರಿ?"

ನಾನು ಗಂಡಾಂತರದ ಕಥೆಯನ್ನು ತೊಟ್ಟಿಲಿಂದ ಹಿಡಿದು ಹೇಳಿದೆ. ಹೆಂಡತಿ ಮುಖಕ್ಕೆ ಸೆರಗು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಕೂತಿದ್ದಳು. ಕಂಡಕ್ಟರ್ ಹಿಂದಕ್ಕೆ ಹೋದ. ಮುಂದೆ ಶರಾವತಿಯ ದೊಡ್ಡ ಸೇತುವೆ ಬಂದಾಗ ನೋಡುತ್ತೇನೆ, ಹಿಂದಿನ ಕಿಟಕಿಯಿಂದ ಅವನೇ ಒಂದು ನಾಣ್ಯ ಹಾಕಿ ಕೈಮುಗಿಯುತ್ತಿದ್ದಾನೆ. ನಾನು ನೋಡಿದ್ದನ್ನು ಕಂಡು ನಾಚಿಕೊಂಡು ಹೇಳಿದ:

"ಏನ್ ಮಾಡೋದ್ರಿ, ನೀವು ನನ್ನ ಬಸ್ಸಿನ್ಯಾಗ ಕುಂತೀರಂದ ಮ್ಯಾಲ ನನಗೂ ಅಂಜಿಕಿ ಬಂತು."

ತಾಟಿನಲ್ಲಿ ಬಂದ ತತ್ತಿ

ಮರುದಿನ ಬೆಳಿಗ್ಗೆ ಹೆಂಡತಿ ಲಾಡ್ಜಿನ ಬಾಗಿಲಲ್ಲಿ ನಿಂತು, "ಸಂಜೀಕ ಬರ್ತೇನಿ. ಊರ ನೋಡ್ರಿ, ಒಳಗ ಕುಂಡ್ರಬ್ಯಾಡ್ರಿ" ಎಂದು ಹೇಳಿ ಹೋದಳು. ನಾನು ಚಿಲಕ ಹಾಕಿಕೊಂಡು ಮಧ್ಯಾಹ್ನದವರೆಗೆ ಒಳಗೇ ಕೂತೆ. ಹಸಿವು ತಡೆಯಲಾರದೆ, ಅವ್ವ ಕೊಟ್ಟ ಬುತ್ತಿಯ ಚೀಲ ಬಗಲಿಗೆ ಹಾಕಿಕೊಂಡು ಹೊರಬಿದ್ದೆ.

ನಾವು ಲಿಂಗಾಯತರು, ತತ್ತಿಯನ್ನೂ ಮುಟ್ಟದ ಮನೆಯವರು. ಆ ಊರಿನಲ್ಲಿ ಗಾಳಿಗೇ ಮೀನಿನ ವಾಸನೆ. ಶುದ್ಧ ಶಾಕಾಹಾರಿ ಎಂಬ ಬೋರ್ಡಿನ ಖಾನಾವಳಿ ಸಿಕ್ಕುವಷ್ಟರಲ್ಲಿ ಕಾಲು ಸೋತಿತ್ತು. ಒಳಗೆ ಹೋಗಿ ಕೂತು, ಬಡಿಸುವವನನ್ನು ಕೇಳಿದೆ: "ಇಲ್ಲಿ ಮೀನ ಇಲ್ಲಲ್ರಿ?"

"ಇಲ್ಲ."

"ಸಾರಿನ್ಯಾಗ?"

"ಇಲ್ಲ ಮಾರಾಯ್ರೆ."

"ಎಣ್ಣ್ಯಾಗ?"

ಅವನು ಒಳಗೆ ಹೋಗಿ ಊಟ ತಂದಿಟ್ಟ. ತಾಟಿಗೆ ಬಗ್ಗಿ ನೋಡಿದೆ. ದಪ್ಪದಪ್ಪ, ಗುಂಡುಗುಂಡು, ಕೆಂಪುಕೆಂಪು ಕಾಳು ಒಂದು ರಾಶಿ. ಇಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅನುಮಾನವೇ ಇಲ್ಲ, ಮೀನಿನ ತತ್ತಿ! ಬಾಯಿ ಮುಚ್ಚಿಕೊಂಡು ಎದ್ದುನಿಂತೆ.

"ಎಂತ ಆಯ್ತು?"

"ಇದು ಏನ್ರಿ?"

"ಅನ್ನ. ಕುಚ್ಚಲಕ್ಕಿ ಅನ್ನ."

ಬಾಜೂ ಟೇಬಲ್ಲಿನ ಜನಿವಾರದ ಹಿರಿಯರೊಬ್ಬರು ಅದನ್ನೇ ಕಲಸಿಕೊಂಡು ಉಣ್ಣುತ್ತಿದ್ದರು. ಅವರನ್ನು ನೋಡಿ ಜೀವ ಬಂತು. ಆದರೂ ಆ ಅನ್ನ ಗಂಟಲಲ್ಲಿ ಇಳಿಯಲೊಲ್ಲದು. ಮೆಲ್ಲಗೆ ಚೀಲದಿಂದ ಕಡಕ್ ರೊಟ್ಟಿ ತೆಗೆದೆ, ಗುರೆಳ್ಳು ಚಟ್ನಿಯ ಡಬ್ಬಿ ಬಿಚ್ಚಿದೆ. ಗುರೆಳ್ಳು ಚಟ್ನಿ ಕಪ್ಪಗೆ ಮಣ್ಣಿನಂತಿರುತ್ತದೆ, ವಾಸನೆ ಗಮ್ಮೆನ್ನುತ್ತದೆ. ಬಡಿಸುವವನು ಹತ್ತಿರ ಬಂದು ಡಬ್ಬಿಗೆ ಬಗ್ಗಿ ಮೂಸಿದ. ಅವನ ಮುಖ ಸಣ್ಣಗಾಯಿತು. ಒಳಗೆ ಹೋಗಿ ಮಾಲಕರನ್ನು ಕರೆದುಕೊಂಡು ಬಂದ. ಮಾಲಕರು ಕೈಕಟ್ಟಿ ನಿಂತು ಬಹಳ ಮರ್ಯಾದೆಯಿಂದ ಹೇಳಿದರು:

"ಬೇಸರ ಮಾಡ್ಬೇಡಿ. ಇದು ಒಣಮೀನಿನ ಚಟ್ನಿ ಅಲ್ವಾ? ನಮ್ಮದು ಪ್ಯೂರ್ ವೆಜ್. ನೀವು ಹೊರಗೆ ಕೂತು ತಿನ್ನಿ."

ಎಳನೀರು ಕುಡಿಸಿದ ಹಿರಿಯರು

ಅದೇ ದಿನ ಇಳಿಹೊತ್ತಿಗೆ ಸಮುದ್ರ ನೋಡಲು ಹೋದೆ. ಉಡಿಯ ಗಂಟು ಒಯ್ಯಲಿಲ್ಲ, ಮೊದಲು ಮುಖ ಪರಿಚಯವಾದರೂ ಆಗಲಿ ಎಂದು. ಸಿಟಿ ಬಸ್ಸಿನಿಂದಿಳಿದು ಮರಳ ಮೇಲೆ ಬಂದು ತಲೆ ಎತ್ತಿದೆನೋ ಇಲ್ಲವೋ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ. ಹೊಳೆಗಾದರೆ ಆಚೆ ದಂಡೆ ಇರುತ್ತದೆ. ಇದಕ್ಕೆ ಅದೂ ಇಲ್ಲ. ನಾನು ಸಾಕಷ್ಟು ದೂರದಲ್ಲಿ ಕೂತು, ಮೊಣಕಾಲು ಅಪ್ಪಿಕೊಂಡು, ಅದನ್ನೇ ನೋಡುತ್ತ ಉಳಿದೆ. ಕಡೇ ದಿನದ ಸಂಜೆ ನೆನೆದು ಕಣ್ಣಲ್ಲಿ ನೀರೂ ಬಂತು.

ವಾಕಿಂಗಿಗೆ ಬಂದ ಹಿರಿಯರೊಬ್ಬರು, ಬಿಳಿ ಟೊಪ್ಪಿಗೆ ಹಾಕಿದವರು, ನನ್ನನ್ನು ದಾಟಿ ಹೋದರು. ತಿರುಗಿ ಬಂದರು. ಮತ್ತೆ ದಾಟಿದರು. ಆಮೇಲೆ ಪಕ್ಕದಲ್ಲೇ ಕೂತರು.

"ಎಂತ, ಒಬ್ರೇ ಕೂತಿದ್ದೀರಿ?"

ಯಾರಾದರೂ ಮಾತಾಡಿಸಿದರೆ ಸಾಕಾಗಿತ್ತು ನನಗೆ. "ಈ ನೀರಾಗ ಇಳೀಬೇಕಾಗೈತ್ರಿ. ಧೈರ್ಯ ಸಾಲವಲ್ದು" ಎಂದೆ.

ಹಿರಿಯರು ಗಬಕ್ಕನೆ ನನ್ನ ಮುಂಗೈ ಹಿಡಿದರು. "ಅಂಥಾ ಧೈರ್ಯ ಮಾಡ್ಲೇಬಾರದು! ಹೆಂಡತಿ ಇದ್ದಾರಾ? ಅವರಿಗೆ ಗೊತ್ತುಂಟಾ?"

"ಆಕೀನ ಇಳೀರಿ ಅನ್ನಾಕತ್ತಾಳ್ರಿ. ಮದವಿ ಆದಾಗಿಂದ ಒಂದ ಹಟ."

ಅವರ ಮುಖ ಬಿಳಿಚಿತು. "ಛೇ ಛೇ. ತಾಯಿ?"

"ಅವ್ವ ಬ್ಯಾಡ ಅಂತಾಳ್ರಿ."

"ತಾಯಿ ಮಾತು ಕೇಳಿ!" ಎನ್ನುತ್ತ ಅವರು ನನ್ನನ್ನು ಎಬ್ಬಿಸಿ, ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡು ಹೋಗಿ ಎಳನೀರು ಕುಡಿಸಿದರು. ಕಷ್ಟ ಯಾರಿಗಿಲ್ಲ, ಎಲ್ಲ ಕರಗುತ್ತದೆ ಎಂದರು. ಇಷ್ಟು ಒಳ್ಳೆಯ ಮನುಷ್ಯರು ಯಾಕೆ ಇಷ್ಟು ಕಳವಳ ಪಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಬಸ್ಸು ಬಂದಾಗ ಒಳಗೆ ಕೂರಿಸಿ, ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಅವನು ದಾರಿಯುದ್ದಕ್ಕೂ ನನ್ನ ಪಕ್ಕದಿಂದ ಕದಲಲಿಲ್ಲ. ಬಸ್ಸು ಹೊರಟಾಗ ಹಿರಿಯರು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿಬಂದು ಕೂಗಿದರು:

"ಹೆಂಡತಿ ಹೇಳಿದ್ದನ್ನೆಲ್ಲ ಮಾಡ್ಬೇಕೂಂತ ಇಲ್ಲ ಮಾರಾಯ್ರೆ!"

ಗಂಗವ್ವ ಒಲ್ಲೆಂದಳು

ಮರುದಿನ ಗಂಟು ತೆಗೆದುಕೊಂಡು ಮತ್ತೆ ಹೋದೆ. ಟೊಪ್ಪಿಗೆಯ ಹಿರಿಯರು ಕಾಣದಂತೆ ಬೇರೆ ಹೊತ್ತಿಗೆ, ಬಿಸಿಲಲ್ಲೇ ಹೋದೆ. ಮರಳು ಒದ್ದೆಯಾಗುವ ಗೆರೆಯಿಂದ ಈಚೆಗೆ, ಒಣ ಜಾಗದಲ್ಲಿ ನಿಂತು, "ತಾಯಿ ಗಂಗವ್ವ, ಕೊಣ್ಣೂರ ದರ್ಜಿ ಬಂದೇನಿ. ಉಡಿ ತೊಗೊ, ನನ್ನ ತಂಟೆಕ್ಕ ಬರಬ್ಯಾಡ" ಎಂದು ಬೇಡಿಕೊಂಡು ಗಂಟನ್ನು ಎಸೆದೆ.

ನಮ್ಮ ಹೊಳೆ ಮರ್ಯಾದೆಯದು. ಕೊಟ್ಟದ್ದನ್ನು ತೆಗೆದುಕೊಂಡು ಮುಂದಕ್ಕೆ ಹೋಗುತ್ತದೆ. ಇಲ್ಲಿ ಗಂಟು ಎರಡು ಸಲ ಮೇಲೆ ಕೆಳಗೆ ಆಡಿತು, ಒಂದು ತೆರೆ ಬಂತು, ಗಂಟನ್ನು ತಂದು ನನ್ನ ಕಾಲ ಬಳಿ ಇಟ್ಟು ಹಿಂದಕ್ಕೆ ಹೋಯಿತು.

ಎತ್ತಿ ಮತ್ತೆ ಎಸೆದೆ, ಈ ಸಲ ಇದ್ದಬದ್ದ ಶಕ್ತಿ ಹಾಕಿ. ಅಷ್ಟರಲ್ಲಿ ಅವ್ವನ ಫೋನು.

"ಏನಂತೋ? ತೊಗೊಂಡ್ಲೇನು?"

ಗಂಟು ತೇಲುತ್ತ ಅತ್ತಿತ್ತ ಹೊರಳಾಡುತ್ತಿತ್ತು. "ಇನ್ನೂ ನೋಡಾಕತ್ತಾಳವ್ವ" ಎಂದೆ. ನನ್ನ ಅಂಗಡಿಗೆ ಬಂದ ಗಿರಾಕಿಗಳು ಬಟ್ಟೆ ಮುಟ್ಟಿ ನೋಡಿ, ಮಡಚಿಟ್ಟು, ಆಮೇಲೆ ಬರುತ್ತೇವೆಂದು ಹೋಗುವುದು ನೆನಪಾಯಿತು. ಹಾಗೇ ಆಯಿತು. ತೆರೆ ಗಂಟನ್ನು ಮತ್ತೆ ಈಚೆಗೆ ತಂದಿತು.

ನನಗೆ ಅಳುವೇ ಬಂತು. ನನ್ನ ಹಣೆಬರಹ ಗಂಗವ್ವನಿಗೆ ಗೊತ್ತಿದೆ, ಕುಬಸದ ಖಣಕ್ಕೆ ಬಗ್ಗುವವಳಲ್ಲ ಎಂದುಕೊಂಡೆ. ಇದೊಂದು ಸಲ ಎಂದು ಮೂರನೆಯ ಬಾರಿಗೆ ಕೈ ಎತ್ತಿದಾಗ ಹಿಂದಿನಿಂದ ಸೀಟಿ ಊದಿದ ಶಬ್ದ. ಬೀಚು ಕಾಯುವ ಗಾರ್ಡ್ ಓಡಿಬಂದ.

"ರೀ! ಆಗದಿಂದ ನೋಡ್ತಾ ಇದ್ದೇನೆ. ಸಮುದ್ರಕ್ಕೆ ಕಸ ಹಾಕ್ಬಾರ್ದು!"

"ಕಸ ಅಲ್ರಿ, ಉಡಿ."

"ಎಂತದ್ದೇ ಇರ್ಲಿ. ಹಾಕುದಾದ್ರೆ ಡಬ್ಬಿ ಅಲ್ಲುಂಟು" ಎಂದು ದೂರದ ಹಸಿರು ಡಬ್ಬಿ ತೋರಿಸಿದ.

ಗಂಗವ್ವ ಒಲ್ಲೆಂದದ್ದನ್ನು ಕಸದ ಡಬ್ಬಿಗಾದರೂ ಹಾಕಿ ಬರಲು ನನಗೆ ಧೈರ್ಯವಾಗಲಿಲ್ಲ.

ಒದ್ದೆ ಖಣ

ಲಾಡ್ಜಿಗೆ ಬಂದು ಗಂಟು ಬಿಚ್ಚಿದೆ. ಅಕ್ಕಿ ಪೇಪರಿನ ಮೇಲೆ ಹರವಿದೆ, ಕೊಬ್ಬರಿ ಬಟ್ಟಲನ್ನು ಕಿಟಕಿಯಲ್ಲಿಟ್ಟೆ, ಖಣ ಹಿಂಡಿ ಬಾಗಿಲ ಹಿಂದಿನ ಗೂಟಕ್ಕೆ ಹಾಕಿದೆ. ಹಾಸಿಗೆಯಲ್ಲಿ ಅಡ್ಡಾದವನಿಗೆ ಚಿಂತೆಯಲ್ಲೇ ಕಣ್ಣು ಹತ್ತಿತು.

ಎಚ್ಚರವಾದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಈ ಕುಬಸದ ಖಣ ಯಾರದು?"

ಪರ ಊರು, ಲಾಡ್ಜಿನ ಕೋಣೆ, ಹಗಲೆಲ್ಲ ಒಬ್ಬನೇ ಇದ್ದ ಗಂಡ, ಸಂಜೆಗೆ ಗೂಟದಲ್ಲಿ ಒದ್ದೆಯಾದ ಹೊಸ ಖಣ. ಯಾವ ಹೆಂಡತಿಯಾದರೂ ಕೇಳುವ ಪ್ರಶ್ನೆಯೇ. ನಾನು ಎದ್ದು ಕೂತು ಗೂಟದ ಕಡೆ ನೋಡಿದೆ.

"ಬಾಯಿ ಬಿಡ್ರಿ. ಯಾರಾಕಿ?"

"ಗಂಗವ್ವ" ಎಂದೆ.

"ಯಾ ಗಂಗವ್ವ?"

"ಸಮುದ್ರದಾಕಿ."

ಆಮೇಲೆ ಎಲ್ಲವನ್ನೂ ಹೇಳಿದೆ. "ಆಕಿ ಮೂರು ಸಲ ಒಲ್ಲೆ ಅಂದ್ಲು. ಎರಡು ಸಲ ತಾನ, ಒಂದ ಸಲ ಗಾರ್ಡನ ಕೈಲೆ. ನಾ ಇಳಿಯಾಂಗಿಲ್ಲ. ನನಗ ಅಂಜಿಕಿ ಬರ್ತೈತಿ, ಖರೇನ ಬರ್ತೈತಿ." ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. ಹರವಿದ ಅಕ್ಕಿಯ ಪಕ್ಕ ಕೂತು, ಕಾಳನ್ನು ಬೆರಳಿನಿಂದ ಆಡಿಸುತ್ತ, "ಅಂದ್ರ ಈ ಸಲಾನೂ ನಾ ಒಬ್ಬಾಕೀನ" ಎಂದಳು. ಅವಳು ನಕ್ಕಿದ್ದರೆ ಒಳ್ಳೆಯದಿತ್ತು.

ಆಮೇಲೆ ಎದ್ದು ಖಣ ಮುಟ್ಟಿ ನೋಡಿ ಹೇಳಿದಳು: "ನಾ ಬೇರೆ ತಿಳಕೊಂಡಿದ್ನಿ. ಬಂದ ಎರಡ ದಿನದಾಗ ಇಲ್ಲೂ ಗಿರಾಕಿ ಹಿಡದ್ರಿ ಅಂತ. ಊರಾಗ ನನ್ನ ಕುಬಸ ಯುಗಾದಿಯಿಂದ ಹೊಲೀದ ಬಿದ್ದೈತಿ."

ಕಡೇ ದಿನದ ಸಂಜೆ

ತರಬೇತಿ ಮುಗಿಯಿತು. ಇಬ್ಬರೂ ಸಮುದ್ರಕ್ಕೆ ಹೋದೆವು. ಗಂಟನ್ನು ಅವಳೇ ಮತ್ತೆ ಕಟ್ಟಿ ತಂದಿದ್ದಳು. ದಂಡೆಯ ಮೇಲೆ ನಿಂತು ಅವ್ವನಿಗೆ ವಿಡಿಯೋ ಕಾಲ್ ಮಾಡಿದಳು. ಅವ್ವನ ವಿಡಿಯೋ ಕಾಲ್ ಎಂದರೆ ಒಂದಿಷ್ಟು ಹಣೆ, ಉಳಿದದ್ದೆಲ್ಲ ನಮ್ಮ ಮನೆ ಮಾಳಿಗೆಯ ಜಂತಿ. ಹೆಂಡತಿ ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ಎಲ್ಲ ಕೇಳಿಸಿಕೊಂಡು ಜಂತಿ ಕೇಳಿತು:

"ತಮ್ಮಾ, ಯಾರ ಕೈಲೆ ತುಂಬಸಿದಿ?"

"ಯಾರ ಕೈಲೆ ಅಂದ್ರ? ನಾನ ಒಗದೆ."

"ಒಗದಿ?" ಅವ್ವನ ದನಿ ಏರಿತು. "ಲೇ ಹುಚ್ಚಾ! ಉಡಿ ತುಂಬೋದು ಮುತ್ತೈದಿ ಕೆಲಸ, ಗಂಡಸರದಲ್ಲ. ಯಾರೋ ಗುರ್ತಿಲ್ಲದ ಗಂಡಸು ಬಂದು ಮಟಮಟ ಮಧ್ಯಾಹ್ನದಾಗ ಕುಬಸದ ಖಣ ಒಗದ್ರ ಮರ್ಯಾದಸ್ಥ ಹೆಣಮಗಳು ತೊಗೊಂತಾಳೇನು? ಕಪಾಳಕ್ಕ ಹೊಡೀಲಿಲ್ಲಲ್ಲ, ನಿನ್ನ ಪುಣ್ಯೇ. ಸೊಸಿ ಕೈಲೆ ಕೊಡು!"

ನನಗೆ ಇದು ಹೊಳೆದೇ ಇರಲಿಲ್ಲ. ನಮ್ಮೂರ ಹೊಳೆಗೆ ಹೆಂಗಸರು ಉಡಿ ತುಂಬುವಾಗಲೆಲ್ಲ ನಾನು ದೂರದಲ್ಲಿ ಚಪ್ಪಲಿ ಕಾಯುತ್ತಿದ್ದವನು, ಯಾರು ತುಂಬುತ್ತಾರೆಂದು ನೋಡಿದವನಲ್ಲ.

ಹೆಂಡತಿ ಫೋನನ್ನು ಪರ್ಸಿಗೆ ಹಾಕಿ, ಬಿಚ್ಚಿದ ಚಪ್ಪಲಿಯ ಪಕ್ಕ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಗಂಟಿಗೆ ಅರಿಶಿನ ಕುಂಕುಮ ಹಚ್ಚಿ, ಮೊಣಕಾಲು ನೀರಿಗೆ ಹೋದಳು. ಒಂದು ತೆರೆ ಬಂದು ಮುರಿದು ಹಿಂದಕ್ಕೆ ಸರಿಯುವಾಗ, ತೊಟ್ಟಿಲಿಗೆ ಕೂಸು ಹಾಕುವಂತೆ ಮೆಲ್ಲಗೆ ಬಿಟ್ಟಳು. ಗಂಟು ಹೋಯಿತು. ನಾನು ಕಣ್ಣು ಪಿಳುಕಿಸದೆ ಕಾದೆ. ಒಂದು ತೆರೆ ಬಂತು, ಬರಿದೇ ಬಂತು. ಇನ್ನೊಂದೂ ಬರಿದೇ ಬಂತು.

ಇನ್ನು ನನ್ನ ಬಳಿ ಒಂದೇ ನೆಪ ಉಳಿದಿತ್ತು. "ಚಪ್ಪಲಿ ಯಾರು ಕಾಯ್ಬೇಕು?" ಎಂದೆ. ಮೂಡಲಗಿ ಸಂತೆಯಲ್ಲಿ ಈ ಪ್ರಯಾಣಕ್ಕೆಂದೇ ಕೊಂಡ ಹೊಸ ಚಪ್ಪಲಿ ನನ್ನವು.

"ಹಾಕ್ಕೊಂಡ ಬರ್ರಿ!" ಎಂದು ಅವಳು ಕೈ ಹಿಡಿದು ಎಳೆದಳು.

ಪಾದ ಮುಳುಗಿತು. "ಸಾಕು" ಎಂದೆ. ಹಿಮ್ಮಡಿ ಕೆಳಗಿನ ಮರಳು ಜಾರಿತು. "ಅವ್ವಾ! ಬ್ಯಾಡ! ಬಿಡು ನನ್ನ!" ಎಂದು ಕೂಗಿದೆ. ಅವಳು ನಗುತ್ತ ಇನ್ನೂ ಒಳಗೆ ಎಳೆದಳು. ಅಷ್ಟರಲ್ಲಿ ದಂಡೆಯ ಕಡೆಯಿಂದ ಇನ್ನೊಂದು ಕೂಗು ಕೇಳಿತು.

"ಅಮ್ಮಾ! ಅವರನ್ನು ಬಿಡಿ! ಬಿಡಿ ಅಂತ ಹೇಳಿದ್ದು!"

ಬಿಳಿ ಟೊಪ್ಪಿಗೆಯ ಹಿರಿಯರು! ಪ್ಯಾಂಟು ಷೂಸಿನ ಸಮೇತ ನೀರಿಗೆ ನುಗ್ಗಿ ನನ್ನ ಇನ್ನೊಂದು ಕೈ ಹಿಡಿದು ದಂಡೆಗೆ ಎಳೆಯತೊಡಗಿದರು. "ನಿಮಗೆ ಮನುಷ್ಯತ್ವ ಉಂಟಾ ಅಮ್ಮಾ? ಗಂಡನನ್ನು ಸಮುದ್ರಕ್ಕೆ ನೂಕ್ತೀರಲ್ಲ! ಇವರ ತಾಯಿ ಬೇಡ ಅಂತಾರೆ!"

"ಇವರು ಯಾರ್ರೀ?" ಎಂದಳು ಹೆಂಡತಿ.

"ಎಳನೀರ ಕುಡಿಸಿದವ್ರು" ಎಂದೆ. ಮೊನ್ನೆ ಅವರು ನನ್ನ ಬಗ್ಗೆ ಏನು ತಿಳಿದು ಬಸ್ಸು ಹತ್ತಿಸಿದ್ದರೆಂಬುದು ಆಗ ನನಗೆ ಹೊಳೆಯಿತು. ವಿವರಿಸಲು ಬಾಯಿ ತೆರೆದೆ. ತೆರೆದ ಬಾಯಿಗೇ ತೆರೆ ಬಂತು. ಮೂವರೂ ಕೈಕೈ ಹಿಡಿದುಕೊಂಡೇ ನೀರಲ್ಲಿ ಕುಕ್ಕರಿಸಿದೆವು.

ನೀರು ಇಳಿಯಿತು. ಉಪ್ಪು ಉಗುಳಿದೆ. ತಲೆ ಮುಟ್ಟಿ ನೋಡಿಕೊಂಡೆ. ಬದುಕಿದ್ದೆ! ತೊಟ್ಟಿಲಲ್ಲಿದ್ದಾಗಿನಿಂದ ಅಂಜಿಕೊಂಡು ಬಂದದ್ದು ಇಷ್ಟೇನಾ ಅನಿಸಿತು. ಹೆಂಡತಿ ಎದೆಮಟ್ಟ ನೀರಲ್ಲಿ ಕೂತು ನಗುತ್ತಿದ್ದಳು. ಅವಳ ಅಷ್ಟು ಹತ್ತಿರ, ಅವಳಿದ್ದ ನೀರಲ್ಲೇ, ನಾನು ಯಾವತ್ತೂ ಇರಲಿಲ್ಲ. "ಇನ್ನೊಂದ ತೆರಿ ಬರ್ಲಿ" ಎಂದು ನಾನೇ ಹೇಳಿದೆ. ಹಿರಿಯರು ಟೊಪ್ಪಿಗೆ ಹಿಂಡುತ್ತ, ಅವಳ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, ಕೊನೆಗೆ ಅರ್ಥವಾಗಿ ತಾವೂ ನಗತೊಡಗಿದರು.

ಏಳುವಾಗ ನೋಡುತ್ತೇನೆ, ಕಾಲಲ್ಲಿ ಚಪ್ಪಲಿ ಇಲ್ಲ. ಎರಡೂ ಇಲ್ಲ.

ದಂಡೆಗೆ ಬಂದೆವು. ಹೆಂಡತಿಯ ಚಪ್ಪಲಿ, ಯಾರೂ ಕಾಯದಿದ್ದರೂ, ಇಟ್ಟಲ್ಲೇ ಇದ್ದವು. ಪರ್ಸಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಈ ಸಲ ಅವ್ವನ ಹಣೆಯ ಜೊತೆ ಒಂದು ಕಣ್ಣೂ ಕಂಡಿತು.

"ಇಳದ್ಯೋ?"

"ಇಳದ್ನೆವ್ವ. ಆದ್ರ ಗಂಗವ್ವ ನನ್ನ ಹೊಸಾ ಚಪ್ಪಲಿ ಒಯ್ದಳು."

"ಚಪ್ಪಲಿ ಒಯ್ದಳಾ?" ಅವ್ವ ಚೀರಿ ಕೈಯೆತ್ತಿ ಮುಗಿದಳು, ಫೋನಿನಲ್ಲಿ ಜಂತಿ ಗಿರ್ರನೆ ತಿರುಗಿತು. ಚಪ್ಪಲಿ ಕಳೆದರೆ ಪೀಡೆ ಕಳೆಯಿತು ಎನ್ನುವವರು ನಮ್ಮವರು. "ಪೀಡಾ ಹೋತೋ ಮಗನ! ನಿನ್ನ ಗಂಡಾಂತರ ಆ ಚಪ್ಪಲಿ ಜೋಡಿನ ಹೋತು! ಏ ಸಾವಕ್ಕಾ, ಬಾರಽ ಇಲ್ಲೆ, ನನ್ನ ಮಗನ ಚಪ್ಪಲಿ ಹೋದವು, ಸಕ್ರಿ ಹಂಚತೇನಿ!" ಎಂದು ನೆರೆಮನೆಯವಳನ್ನು ಕೂಗಿದಳು.

ಅವ್ವನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಬಂತು. ಆಗಲೇ ಒಂದು ತೆರೆ ಬಂದು, ನನ್ನ ಎಡಗಾಲಿನ ಚಪ್ಪಲಿಯನ್ನು ಮರಳ ಮೇಲೆ ನೀಟಾಗಿ ಇಟ್ಟು ಹೋಯಿತು.

ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಚಪ್ಪಲಿ ನೋಡಿದಳು. ಹಿರಿಯರು ಇಬ್ಬರನ್ನೂ ನೋಡಿದರು.

"ಎರಡೂ ಹೋದವಿಲ್ಲೋ?" ಎಂದಳು ಅವ್ವ.

ಹೆಂಡತಿ ಫೋನನ್ನು ಆಕಾಶದ ಕಡೆ ತಿರುಗಿಸಿ, "ಎರಡೂ ಹೋಗ್ಯಾವ್ರೀ ಅತ್ತೀ, ಮೋಡ ನೋಡ್ರಿ ಎಷ್ಟ ಚಂದ ಅದಾವು" ಎನ್ನುತ್ತ ನನಗೆ ಕಣ್ಸನ್ನೆ ಮಾಡಿದಳು. ನಾನು ಚಪ್ಪಲಿ ಹಿಡಿದು ಓಡಿದೆ. ಯಾರೂ ಹೇಳದೆ, ಯಾರೂ ಎಳೆಯದೆ, ಮೊಣಕಾಲು ನೀರಿಗೆ ನಾನೇ ಹೋಗಿ, ಅದನ್ನು ಎಸೆಯಲು ಕೈ ಎತ್ತಿದೆ.

ಹಿಂದಿನಿಂದ ಸೀಟಿ ಊದಿದ ಶಬ್ದ.

"ರೀ! ಮತ್ತೆ ನೀವೇ! ಮೊನ್ನೆಯೇ ಹೇಳಿದ್ದಲ್ವಾ, ಡಬ್ಬಿ ಅಲ್ಲುಂಟು!"

ಹೀಗೆ ನನ್ನ ನೀರಿನ ಗಂಡಾಂತರ ಅರ್ಧ ಸಮುದ್ರಕ್ಕೆ ಹೋಯಿತು, ಉಳಿದರ್ಧ ಕಸದ ಡಬ್ಬಿಗೆ.